ಹತ್ತೂವರೆ

ಮೈದುಗುರಿಯಾಚೆ, ಶಿಬಿರದ ತಗಡಿನ ನೆರಳಲ್ಲಿ
ಯಗಾನಾ ಮಗುವಿನ ತೋಳಿಗೆ ಅಳತೆಪಟ್ಟಿ ಸುತ್ತುತ್ತಾಳೆ.
ಹತ್ತೂವರೆ ಸೆಂಟಿಮೀಟರು. ಕೆಂಪು.
ಹೆಬ್ಬೆರಳು ತೋರುಬೆರಳು ಕೂಡಿಸಿದರೆ
ಆಗುವ ಸೊನ್ನೆಯಷ್ಟು.

ನಮೂನೆಯಲ್ಲಿ ಈ ತಿಂಗಳಿಂದ ಹೊಸದೊಂದು ಕಲಮು:
ತಂದೆ ಎಲ್ಲಿ?
ತಾಯಿ ಕಾಡಿನ ಕಡೆ ನೋಡಲಿಲ್ಲ.
ನೋಡದಿದ್ದುದೇ ಉತ್ತರ.

ದಾನಿಗಳ ಪತ್ರ ಮೇಜಿನ ಮೇಲಿದೆ,
ಹಾರದಂತೆ ಅದರ ಮೇಲೊಂದು ಶೇಂಗಾ ಪೇಸ್ಟಿನ ಪೊಟ್ಟಣ:
ಶತ್ರುವಿನ ಮನೆಗೆ ಒಂದು ಕಾಳೂ ಸೇರಕೂಡದು.

ಯಗಾನಾಳ ಅಣ್ಣ ಬುಕಾರ್
ಸಂತೆಯ ಬಾಂಬಿಗೆ ಸಿಕ್ಕವನು.
ಮನೆಗೆ ಬಂದದ್ದು ಒಂದು ಚಪ್ಪಲಿ, ಎಡಗಾಲಿನದು.

ಪೆನ್ನು ಕಲಮಿನ ಮೇಲೆ ನಿಂತೇ ಇತ್ತು.
ಆಮೇಲೆ ಪೊಟ್ಟಣ ಎತ್ತಿ ಕೊಟ್ಟಳು.

ಪತ್ರ ಹಾರಿತು.
ಸಾಲಿನಲ್ಲಿದ್ದ ಮುದುಕಿಯೊಬ್ಬಳು ಹಿಡಿದು,
ಹಿಂದೆ ಮುಂದೆ ತಿರುಗಿಸಿ ನೋಡಿ,
ಮಡಿಸಿ, ಗಾಳಿ ಬೀಸಿಕೊಂಡಳು.