ಮುದ್ದೆಮಾಲು

ಪಂಚನಾಮೆಯಲ್ಲಿ ನಾನೇ ಬರೆದದ್ದು:
ಹಸಿ ಗಾಂಜಾ ಗಿಡ ಒಂದು, ಎತ್ತರ ಮೂರೂವರೆ ಅಡಿ,
ಹೂ ಬಿಟ್ಟಿದೆ, ಬೇರು ಮಣ್ಣು ಸಹಿತ
ಹಳೇ ಬಣ್ಣದ ಡಬ್ಬದಲ್ಲಿ.
ಡಬ್ಬ ಸೀಳಿದೆ ಅಂತ ಬರೆಯಲಿಲ್ಲ.
ಸೀಳಿದ್ದು ನಮ್ಮ ಜೀಪಿನಲ್ಲಿ,
ಭರಮಸಾಗರದ ಹಂಪು ಹಾರಿದಾಗ.

ಸಾಹೇಬರು ಅಂದರು:
ಸೋಮವಾರ ಮ್ಯಾಜಿಸ್ಟ್ರೇಟರ ಮುಂದೆ ಇಡಬೇಕು,
ಅಲ್ಲೀತನಕ ಬಾಡಕೂಡದು.
ನೀನು ಹೂವಿನವರ ಮನೆ ಹುಡುಗಿ ಅಲ್ವಾ, ನೋಡ್ಕೋ.

ಹೌದು. ನಸುಕಿಗೆದ್ದು ಸೇವಂತಿಗೆ ಕಿತ್ತು
ದಾವಣಗೆರೆ ಬಸ್ಸಿನ ನೆತ್ತಿಗೆ ಕುಕ್ಕೆ ಏರಿಸಿ
ಕೈಯ ಕಹಿ ವಾಸನೆ ಸಮೇತ
ಪರೀಕ್ಷೆ ಬರೆದವಳು ನಾನು.
ಆದರೂ ಅವ್ವನಿಗೆ ಫೋನು ಮಾಡಿದೆ.

ಹೂ ಬಿಟ್ಟ ಗಿಡದ ಕುಂಡ ಬದಲಾಯಿಸಬೇಕವ್ವ.
ಯಾವ ಗಿಡ?
ಸೇವಂತಿಗೆ ಅನ್ಕೊ.
ಅನ್ಕೊಳಾದ್ಯಾಕೆ?
ಆ ಕಡೆ ಒಲೆಯ ಸದ್ದು ಸ್ವಲ್ಪ ಹೊತ್ತು. ಆಮೇಲೆ,
ಹೂ ಬಿಟ್ಟಿದ್ದು ಬಾಣಂತಿ ಇದ್ದಂಗೆ, ಮುಟ್ಟಬ್ಯಾಡ.
ಮುಟ್ಟಲೇಬೇಕು ಅಂದ್ರೆ
ಹೊತ್ತು ಮುಳುಗಿದ ಮ್ಯಾಲೆ ಮುಟ್ಟು.

ಠಾಣೆಯಲ್ಲಿ ಕುಂಡ ಎಲ್ಲಿಯದು?
ಗೋಡೆಗೆ ನೇತುಬಿದ್ದ ಕೆಂಪು ಬಕೆಟ್ಟು ಇಳಿಸಿದೆ,
ಮೇಲೆ ‘ಬೆಂಕಿ’ ಅಂತ ಬರೆದಿತ್ತು.
ಒಳಗೆ ಬೀಡಿ ತುಂಡು, ಕಡ್ಡಿ, ಒಂದು ಹಲ್ಲಿ ಮೊಟ್ಟೆ.
ಮೊಳೆ ಬಡಿದು ತಳಕ್ಕೆ ಐದು ತೂತು.
ಕೆಮ್ಮಣ್ಣು ಹಿತ್ತಲಿಂದ, ಗೊಬ್ಬರ ಪಕ್ಕದ ಕೊಟ್ಟಿಗೆಯಿಂದ,
ಎರಡು ಬೊಗಸೆ ಮರಳು
ಇನ್ನೊಂದು ಕೇಸಿನ ಟ್ರ್ಯಾಕ್ಟರಿನಿಂದ.
(ಅದೂ ಮುದ್ದೆಮಾಲೇ. ತೂಕ ಹಾಕಿದವರು ಯಾರು?)

ಗುಡ್ಡದ ಮೇಲೆ ಗಾಳಿಯಂತ್ರಗಳ ಕೆಂಪು ದೀಪ
ಒಂದೊಂದೇ ಮಿನುಗುವ ಹೊತ್ತು.
ಬುಡಕ್ಕೆ ಕೈ ಹಾಕಿದೆ.
ಮೇಡಂ,
ಕಾಂಡ ಹಿಡಿದು ಎಳೀಬ್ಯಾಡ್ರಿ.

ಕಂಬಿಯ ಹಿಂದೆ ಪಾಲಯ್ಯ.
ಮಧ್ಯಾಹ್ನದಿಂದ ಊಟಕ್ಕೂ ಬಾಯಿ ತೆರೆಯದವನು.
ನಡ ನೋವಿಗೆ ಬೆಳೆಸಿದ್ದು ಅಂತಾನೆ,
ಸಾಹೇಬರು ನಂಬಲಿಲ್ಲ.
ನಾನು ನಂಬಿದೆನಾ ಅಂತ ಯಾರೂ ಕೇಳಲಿಲ್ಲ.

ಬೆಳಗ್ಗೆ ನೀರು ಕೊಟ್ಟಿದ್ರಾ?
ಕೊಟ್ಟೆ.
ಹಂಗಾದ್ರೆ ಮಣ್ಣು ಉದುರಲ್ಲ. ಡಬ್ಬ ಸೀಳ್ರಿ, ಗಿಡ ಹಂಗೇ ಇರಲಿ.
ಬೇರು ಬಿಡಿಸಬ್ಯಾಡ್ರಿ. ಝಾಡಿಸಬ್ಯಾಡ್ರಿ.
ಹಳೇ ಮಣ್ಣು ಅದರ ಜೊತೀಗೇ ಹೋಗಲಿ,
ಗುರುತು ಇರತೈತೆ.

ತಗಡು ಹರಿದೆ. ಬೆರಳಿಗೆ ಗೀರಿತು.
ಡಬ್ಬದ ಆಕಾರದಲ್ಲೇ ನಿಂತಿತ್ತು ಬೇರಿನ ಮುದ್ದೆ,
ಸುತ್ತಿ ಸುತ್ತಿ ತನ್ನನ್ನೇ ಕಟ್ಟಿಕೊಂಡು.
ಎರಡೂ ಅಂಗೈಯಲ್ಲಿ ಎತ್ತಿ ಇಟ್ಟೆ.
ಸಂದಿಗೆ ಹೊಸ ಮಣ್ಣು.
ಒತ್ತಬ್ಯಾಡ್ರಿ, ನೀರೇ ಕೂರಿಸತೈತೆ, ಅಂದ.
ಅಂಟು ಘಾಟು ಸಮವಸ್ತ್ರದ ತೋಳಿಗೆ ಹತ್ತಿತು.
ಎರಡು ದಿನ ಬಿಸಿಲಿಗೆ ಇಡಬ್ಯಾಡ್ರಿ, ಅಂದು
ಗೋಡೆ ಕಡೆ ತಿರುಗಿ ಮಲಗಿದ.

ಮರುದಿನ ಅವನನ್ನು ದುರ್ಗದ ಜೈಲಿಗೆ ಒಯ್ದರು,
ಸರಿ ಬಿಸಿಲಲ್ಲಿ,
ನಿಂತ ಕಾಲಲ್ಲಿ.

ಸೋಮವಾರ ಕೋರ್ಟಿನ ಜಗಲಿ.
ಗಿಡ ಸೆಟೆದು ನಿಂತಿತ್ತು, ಕೆಳಗಿನ ಒಂದೆಲೆ ಮಾತ್ರ ಹಳದಿ.
ವಕೀಲರ ಗುಮಾಸ್ತನೊಬ್ಬ ಮೂಸಿ ನಕ್ಕ.
ಕೋಳ ಹಾಕಿದ ಕೈ ಎತ್ತಿ ಪಾಲಯ್ಯ
ಹಿಡೀತಾ ಮೇಡಂ? ಅಂದ.
ಹಿಡೀತು, ಅಂದೆ,
ನನಗೇನು ಗೊತ್ತಿತ್ತು.

ಮಾದರಿ ತೆಗೆದು ಅರಗು ಒತ್ತಿ
ಉಳಿದದ್ದನ್ನು ನಾಶಪಡಿಸಲು ಆದೇಶವಾಯಿತು.
ನಾನೇ ಕಿತ್ತೆ.
ಕೆಮ್ಮಣ್ಣಿನೊಳಗೆ ಮೂರೇ ದಿನಕ್ಕೆ
ಕೂದಲೆಳೆಯಷ್ಟು ಬಿಳಿ ಬೇರು,
ನಾಲ್ಕೋ ಐದೋ.
ಅದಕ್ಕೆ ಯಾವ ರಿಜಿಸ್ಟರಿನಲ್ಲೂ ಕಾಲಂ ಇರಲಿಲ್ಲ.

ಬಕೆಟ್ಟು ಮತ್ತೆ ಗೋಡೆಗೆ ಹೋಗಿದೆ.
ತಳದ ತೂತಿನಿಂದ
ಈಗಲೂ ಒಂದೊಂದು ಚಿಟಿಕೆ ಮರಳು ಉದುರುತ್ತೆ,
ಗುಡಿಸುವ ಕರಿಯಮ್ಮ ದಿನಾ ಬೈಯ್ತಾಳೆ.