ವಿಷಲ್ ತಡವಾದದ್ದು

ಹಿಂದೆ ತಿರುಗಿ ನೋಡುವ ಕೆಲಸವಲ್ಲ ನನ್ನದು.
ಹಾಸನದಿಂದ ಬೇಲೂರು, ಬೇಲೂರಿಂದ ಚಿಕ್ಕಮಗಳೂರು,
ದಿನಕ್ಕೆ ನಾಲ್ಕು ಸಿಂಗಲ್ಲು.
ಬೆನ್ನ ಹಿಂದಿನದೆಲ್ಲ ಕಿವಿಯಿಂದಲೇ ಗೊತ್ತು:
ಕಿಟಕಿ ಗಾಜಿನ ಗಡಗಡ, ಮೂರನೇ ಸೀಟಿನ ಸಡಿಲ ನಟ್ಟು,
ಸರ್ವಮಂಗಳಳ ವಿಷಲ್.

ಕಂದಲಿಯಲ್ಲಿ ಇಬ್ಬರು ಇಳಿದರೆ ಇಷ್ಟು ಹೊತ್ತು,
ಹಗರೆಯಲ್ಲಿ ಮೂಟೆ ಹತ್ತಿದರೆ ಇಷ್ಟು,
ಬಾಗಿಲು ಬಡಿದು, ಎರಡು ಸಲ ಪೀ ಪೀ.
ಏಳು ವರ್ಷ ಒಂದೇ ಲೆಕ್ಕ.
ಈ ಸಲ ಅವರೆಕಾಯಿ ಶುರುವಾದ ಮೇಲೆ
ಲೆಕ್ಕ ತಪ್ಪಿತು;
ಬಾಗಿಲಿಗೂ ವಿಷಲಿಗೂ ನಡುವೆ
ಒಂದು ಉಸಿರು ಹೆಚ್ಚು.

ರಶ್ಶು ಅಂದುಕೊಂಡೆ.
ಆಮೇಲೆ ನೋಡಿದರೆ ಖಾಲಿ ಬಸ್ಸಿನಲ್ಲೂ ಅಷ್ಟೇ ತಡ.

ಕನ್ನಡಿ ಸ್ವಲ್ಪ ಬಗ್ಗಿಸಿದೆ, ತಪ್ಪೋ ಸರಿಯೋ.
ಹತ್ತುವಾಗ ಯಾವಾಗಲೂ ಬಲಗಾಲೇ ಮುಂದೆ,
ಎಡಗಾಲು ಆಮೇಲೆ, ಹಿಮ್ಮಡಿ ಮಾತ್ರ ಊರಿ.
ಕಂಬಿ ಹಿಡಿಯದೆ ಚಿಲ್ಲರೆ ಎಣಿಸುತ್ತಿದ್ದ ಹೆಂಗಸು
ಈಗ ನಾನು ಬ್ರೇಕಿಗೆ ಕಾಲಿಡುವ ಮೊದಲೇ
ಕಂಬಿ ಹುಡುಕುತ್ತಾಳೆ.

ಬೆಳಿಗ್ಗೆ ಏನೂ ಇರುವುದಿಲ್ಲ.
ಆರೂವರೆ ಟ್ರಿಪ್ಪಿಗೆ ದಡದಡ ಹತ್ತುತ್ತಾಳೆ.
ಸಂಜೆಗೆ ಚಪ್ಪಲಿ ಪಟ್ಟಿಯ ಅಚ್ಚು
ಎಡಪಾದದ ಮೇಲೆ ಇಳಿದು ಕೂತಿರುತ್ತದೆ,
ಬಲಗಾಲಲ್ಲಿ ಆ ಗೆರೆಯೇ ಇಲ್ಲ.
ಬೇಲೂರು ಸ್ಟ್ಯಾಂಡಿನಲ್ಲಿ ಬಾನೆಟ್ ಮೇಲೆ ಕೂತು
ಹತ್ತು ನಿಮಿಷ ಟೀ ಕುಡಿದರೆ ಮಾಯ.
"ನೋಡಿ ಇಲಿಯಾಸಣ್ಣ, ಹೋಗೇಬಿಡ್ತು, ಬರೀ ಉಳುಕು."
ಎಲ್ಲಿ ಬಿದ್ದೆ ಎಂದರೆ ಎಲ್ಲೂ ಇಲ್ಲ.
ಯಾವಾಗ ಉಳುಕಿತು ಎಂದರೆ ನೆನಪಿಲ್ಲ.

ಬಸ್ಸಿನ ಕಮಾನ್ ಪಟ್ಟಿ ಹೀಗೇ ಹೋಗುವುದು.
ಗುಂಡಿಯಲ್ಲಿ ಢಮಾರ್ ಅಂದು ಮುರಿದರೆ ಪುಣ್ಯ,
ಊರಿಗೇ ಕೇಳುತ್ತದೆ.
ಕೂದಲೆಳೆಯ ಬಿರುಕಾದರೆ ಬಸ್ಸು ಓಡುತ್ತಲೇ ಇರುತ್ತದೆ
ಎಡಕ್ಕೆ ಎರಡು ಬೆರಳು ವಾಲಿಕೊಂಡು,
ಜನ ತುಂಬಿದಾಗ ಕಿರಿಕ್ ಅಂದು,
ಮೆಕ್ಯಾನಿಕ್ಕಿನ ಮುಂದೆ ಗಪ್‌ಚುಪ್.

ಅವಳ ಅತ್ತೆ ಹರಳೆಣ್ಣೆ ತಿಕ್ಕಿದರು,
ಯಾರೋ ಹುಣಸೆ ಸೊಪ್ಪು ಕಟ್ಟಿಸಿದರು,
ನಾನು ಬಲವಂತ ಮಾಡಿ ದೊಡ್ಡಾಸ್ಪತ್ರೆಗೆ ಕಳಿಸಿದೆ.
ಫಿಲ್ಮಿನಲ್ಲಿ ಐದು ಕಡ್ಡಿ, ಹಾಲಿನ ಬಿಳುಪು,
ಒಂದು ಗೀರೂ ಇಲ್ಲ.
ಡಿಪೋದಲ್ಲಿ ರಜೆ ಬರೆಯುವವರು ಅದನ್ನು ಟ್ಯೂಬ್‌ಲೈಟಿಗೆ ಹಿಡಿದು
"ಮೂಳೆ ಭದ್ರವಾಗಿದೆಯಲ್ಲಮ್ಮ" ಎಂದು ನಕ್ಕರು.
ಅವತ್ತು ನನಗೂ ನನ್ನ ಕಿವಿಯ ಮೇಲೆ ಅನುಮಾನ ಬಂತು.

ಇನ್ನೂ ಹದಿನೆಂಟು ದಿನ ನಿಂತಳು.
ಮೂಗ್ತಿಹಳ್ಳಿಯಲ್ಲಿ ಒಂದು ಸಂಜೆ
ವಿಷಲ್ ಬರಲೇ ಇಲ್ಲ.
ಇಂಜಿನ್ ಆಫ್ ಮಾಡಿ ಹಿಂದೆ ತಿರುಗಿದೆ.
ಕೊನೆಯ ಕಂಬಿಗೆ ಒರಗಿ, ಟಿಕೆಟ್ ಮಿಷನ್ ಎದೆಗೆ ಅವುಚಿ
ಒಂಟಿಕಾಲಲ್ಲಿ ನಿಂತಿದ್ದಳು.
ಬಸ್ಸಿಡೀ ಅವಳನ್ನೇ ನೋಡುತ್ತಿತ್ತು.
"ಚಿಲ್ಲರೆ ಎಣಿಸ್ತಿದ್ದೆ" ಅಂದಳು.

ಚಿಕ್ಕಮಗಳೂರಿನ ಡಾಕ್ಟರಮ್ಮ ಪಾದವನ್ನು ಮಡಿಲಿಗೆ ತೆಗೆದುಕೊಂಡು
ನೋವನ್ನು ಒಂದು ಬೆರಳಲ್ಲಿ ತೋರಿಸು ಅಂದರಂತೆ.
ಉಳುಕಾದವರು ಅಂಗೈಯೆಲ್ಲ ಆಡಿಸುತ್ತಾರೆ,
ಇಲ್ಲಿ, ಇಲ್ಲೂ, ಹೀಗೆ ಮೇಲಕ್ಕೂ.
ಸರ್ವಮಂಗಳ ಇಟ್ಟದ್ದು ಒಂದೇ ಬೆರಳು,
ಮೂರು ಸಲವೂ ಅದೇ ಕಾಸಿನಗಲ.

ಹೊಸ ಫಿಲ್ಮಿನಲ್ಲಿ ಎರಡನೇ ಕಡ್ಡಿಯ ಸುತ್ತ
ಸಣ್ಣದೊಂದು ಮೋಡ.
ಅದು ಬೆಸುಗೆಯಂತೆ.
ಮುರಿದಾಗ ಸುಳಿವು ಕೊಡದ ಮೂಳೆ
ಕೂಡತೊಡಗಿದ ಮೇಲೆ ಸಾಕ್ಷಿ ಹೇಳಿತು.
ಡಿಪೋದವರು ಟ್ಯೂಬ್‌ಲೈಟ್ ಹಾಕದೆಯೇ ಸಹಿ ಮಾಡಿದರು.

ಆರು ವಾರ ರಜೆ.
ಅವಳ ಜಾಗಕ್ಕೆ ಬಂದ ಹುಡುಗ ಚುರುಕು,
ಅಜ್ಜಿಯ ಎರಡನೇ ಕಾಲು ಮೆಟ್ಟಿಲಿಗೆ ಬರುವ ಮೊದಲೇ
ಪೀ ಪೀ.
ನಾನು ಕ್ಲಚ್ ಬಿಡುವುದಿಲ್ಲ.
ಕನ್ನಡಿ ಇನ್ನೂ ಬಗ್ಗಿಸಿದ ಹಾಗೇ ಇದೆ,
ಅದರಲ್ಲಿ ಮುಖಗಳು ಸಿಗುವುದಿಲ್ಲ,
ರಬ್ಬರ್ ಚಪ್ಪಲಿ, ಸ್ಕೂಲ್ ಶೂ, ಬರಿಗಾಲು,
ಒಂದನ್ನು ತುಸು ಮೆಲ್ಲಗೆ ಊರುವವರು
ಎಷ್ಟೊಂದು ಜನ.
"ರೈಟ್ ಅಂದೆನಲ್ಲ ಅಣ್ಣ" ಅನ್ನುತ್ತಾನೆ ಹುಡುಗ.
ಇರಪ್ಪ, ಹತ್ತಲಿ.