ಬಾಡಿಗೆಗೆ ಕೊಟ್ಟ ಮೈಕು

ಇಪ್ಪತ್ತಾರು ವರ್ಷದಿಂದ ಮೈಕ್‌ಸೆಟ್ ಇಟ್ಟವನು ನಾನು.
ಮದುವೆ, ಮುಂಜಿ, ವಾರ್ಡ್ ಎಲೆಕ್ಷನ್ನು,
ಸತ್ತವರ ಮನೆ ಮುಂದೆ ರಾತ್ರಿಯಿಡೀ ಭಜನೆ.
ಯಾರ ದನಿಗೂ ಇಲ್ಲ ಅಂದವನಲ್ಲ,
ಅಡ್ವಾನ್ಸು ಮಾತ್ರ ಮೊದಲು.

ಆ ನಾಲ್ವರು ಒಂದೇ ಟಿವಿಎಸ್‌ನಲ್ಲಿ ಎರಡು ಟ್ರಿಪ್ಪಿಗೆ ಬಂದರು:
ನಿಟ್ಟುವಳ್ಳಿಯ ರುದ್ರಮುನಿ, ಡ್ರಮ್ಮು;
ಆಜಾದ್ ನಗರದ ಮಂಡಕ್ಕಿ ಭಟ್ಟಿಯ ಶಬೀನಾ, ಹಾಡು;
ಬೇಸ್ ಗಿಟಾರಿನ ಚೌಡೇಶಿ, ಬಾಯಿಬಿಟ್ಟು ಮಾತಾಡಿದ್ದು ನಾನು ಕೇಳಿಲ್ಲ;
ಕೊನೆಗೆ ಇಳಿದವನು ಇಂಜಿನಿಯರಿಂಗ್ ಹುಡುಗ,
ಬಾರಾಮುಲ್ಲಾ ಕಡೆಯ ಮುಬಶಿರ್.
ಆಸ್ಪತ್ರೆಯಿಂದ ತಂದ ಕೂಸಿನ ಹಾಗೆ
ಎದೆಗವಚಿ ಹಿಡಿದ ರಬಾಬು.

ರಾಕು ಅಂದರು.
ನನಗೆ ಗೊತ್ತಿದ್ದದ್ದು ಸ್ಪೀಕರು ಹರಿದರೆ ಆಗುವ ಖರ್ಚು.

ಠಾಣೆಯಲ್ಲಿ ಅರ್ಜಿ ಕೊಡಲು ಜೊತೆಗೆ ಹೋದೆ.
ರೈಟರ್ ಕನ್ನಡಕ ಇಳಿಸಿ, ‘ಕಾಶ್ಮೀರವಾ?
ಏನಪ್ಪ ಹಾಡ್ತೀರಿ?’ ಅಂದ.
‘ಮದುವೆ ಹಾಡು, ಸರ್.’
ಸುಳ್ಳೇನಲ್ಲ.

ಶುಕ್ರವಾರ ಭಟ್ಟಿಗೆ ರಜೆ, ಅಲ್ಲೇ ತಾಲೀಮು.
ಬಾಣಲೆಯ ಮರಳಿಗೆ ಇನ್ನೂ ನಿನ್ನೆಯ ಬಿಸಿ.
ಹೊಟ್ಟಿನ ಬೂದಿ ಕೆದಕಿ ಮುಬಶಿರ್ ಹೇಳಿದ:
ನಮ್ಮಜ್ಜಿ ಚಳಿಗಾಲವಿಡೀ ನಿಲುವಂಗಿಯೊಳಗೆ
ಬೆತ್ತ ಹೆಣೆದ ಮಡಕೆಯಲ್ಲಿ ಕೆಂಡ ಹೊತ್ತು ತಿರುಗುತ್ತಾಳೆ.
ಶಬೀನಾ ನಕ್ಕಳು: ಒಯ್ಯಪ್ಪ ಇಲ್ಲಿಂದ ಎರಡು ಮೂಟೆ,
ನಮ್ಮಮ್ಮಂಗೆ ಜಾಸ್ತಿಯಾಗಿದೆ.

ರುದ್ರಮುನಿಯ ತಾತ ಕೊಟ್ರಬಸಪ್ಪ ಹತ್ತಿ ಮಿಲ್ಲಿನವನು.
ಮಿಲ್ಲು ಸೈಟುಗಳಾಗಿ, ಸೈಟು ಮನೆಗಳಾಗಿ,
ಮನೆಗಳಿಗೆ ಎರಡನೇ ಸಲ ಸುಣ್ಣ ಬಳಿದದ್ದೂ ಆಯಿತು.
ಮುದುಕ ಈಗಲೂ ಬೆಳಗ್ಗೆ ಆರೂವರೆಗೆ
ಬಾಯಲ್ಲೇ ಸೈರನ್ ಊದುತ್ತಾನೆ.
ಓಣಿ ಹುಡುಗರಿಗೆ ಅದು ತಮಾಷೆ.
ಇವರು ಅವನನ್ನು ಆಟೋದಲ್ಲಿ ಕರೆತಂದು
ನನ್ನ ಮೈಕಿನ ಮುಂದೆ ನಿಲ್ಲಿಸಿದರು.

ಆ ಸಂಜೆ ಭಟ್ಟಿಯ ಅಂಗಳದಲ್ಲಿ
ನಲವತ್ತು ಕುರ್ಚಿ ನನ್ನವು, ಉಳಿದವರು ಗೋಣಿಯ ಮೇಲೆ,
ಹೆಂಗಸರ ಕೂದಲಲ್ಲಿ ಮಂಡಕ್ಕಿಯ ಬಿಳಿ ಪುಡಿ.
ಮೊದಲು ಸೈರನ್ನು.
ಉದ್ದಕ್ಕೆ, ನಡುವೆ ಒಮ್ಮೆ ಕೆಮ್ಮಿ, ಮತ್ತೆ ಉದ್ದಕ್ಕೆ.
ಹಿಂದಿನ ಸಾಲಿನ ಇಬ್ಬರು ಮುದುಕರು
ಎದ್ದು ನಿಂತರು, ಶಿಫ್ಟಿಗೆ ಹೊತ್ತಾಯಿತೆಂಬಂತೆ,
ಆಮೇಲೆ ನಾಚಿಕೊಂಡು ಕೂತರು.

ಆ ಸದ್ದಿನ ಬಾಲ ಹಿಡಿದು ಡ್ರಮ್ಮು.
ಕಾಲಡಿಗೆ ಬೇಸು, ಲಾರಿ ಹೋದಂತೆ.
ಒಮ್ಮೆಗೇ ಎಲ್ಲ ನಿಂತು
ರಬಾಬು ಒಂದೇ.

ಅವರ ಕಡೆ ಮದುವೆ ಹಾಡಿನಲ್ಲಿ
ಮದುಮಗನ ಹೆಸರಿಗೆ ಜಾಗ ಬಿಟ್ಟಿರುತ್ತಾರಂತೆ.
ಓಣಿಯಲ್ಲಿ ಯಾರದೇ ಮದುವೆಯಾಗಲಿ
ಅವನಜ್ಜಿ ಒಂದು ಸಲ ಆ ಜಾಗದಲ್ಲಿ
ಗುಲ್ಜಾರ್ ಅನ್ನುತ್ತಾಳೆ.
ಒಂದು ಬೆಳಗ್ಗೆ ರೊಟ್ಟಿ ತರಲು ಹೋದ ಮಗ.
ಇಪ್ಪತ್ತೆರಡಾಗಿತ್ತು. ಹಾಡಿನೊಳಗೆ ಈಗಲೂ ಅಷ್ಟೇ.
ಬೇರೆ ಹೆಂಗಸರು ತಡೆಯುವುದಿಲ್ಲ,
ಆ ಸಾಲು ಮುಗಿಯುವ ತನಕ ಕಾಯುತ್ತಾರೆ.

ವಲೋ, ಅಂದ ಮುಬಶಿರ್.
ಬಾರೋ, ಅಂದಳು ಶಬೀನಾ.
ವಲೋ.
ಬಾರೋ.
ಗೋಣಿಯ ಮೇಲಿಂದ ಯಾರೋ ಬಾರೋ ಅಂದರು,
ಅವರು ಕರೆದದ್ದು ಯಾರನ್ನೋ.
ಮೈಕು ಕಿರುಚಿತು.
ಕೂಡಲೇ ದನಿ ಇಳಿಸಬೇಕು, ಅದೇ ನನ್ನ ಕಸುಬು.
ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಕೈ ಏಳಲಿಲ್ಲ.

ಹತ್ತಕ್ಕೆ ಹತ್ತು ನಿಮಿಷ ಇರುವಾಗ ಜೀಪು ಬಂತು.
ಪೇದೆ ನನ್ನ ಹತ್ತಿರ ಬಗ್ಗಿ ಕೇಳಿದ,
‘ವಲೋ ಅಂದ್ರೇನ್ರಿ?’
ಹೇಳಿದೆ.
ಅವನು ವಾಚು ನೋಡಿಕೊಂಡ. ಹೋಗಲಿಲ್ಲ, ನಿಲ್ಲಿಸಿ ಅನ್ನಲೂ ಇಲ್ಲ.

ಲೆಕ್ಕದಲ್ಲಿ ಎಂಟುನೂರು ಕಡಿಮೆ ಬಿತ್ತು.
ಇನ್ನೂ ಬಾಕಿ ಇದೆ. ಕೇಳಿಲ್ಲ.

ಮರುದಿನ ಶಾಮನೂರು ರಸ್ತೆಯ ಛತ್ರದಲ್ಲಿ ಮದುವೆ.
ಕೇಬಲ್ ಎಳೆದೆ, ಮೈಕಿನ ತಲೆ ತಟ್ಟಿದೆ.
ಹಲೋ, ಹಲೋ,
ಒನ್, ಟೂ,
ಗುಲ್ಜಾರ್.
ಹೂವಿನವನು ತಿರುಗಿದ. ಭಟ್ಟರು ತಿರುಗಿದರು.
ಗಂಡಿನ ಸೋದರಮಾವ ಟವೆಲ್ ಕೊಡವುತ್ತ ಬಂದು
‘ಯಾರ್ರೀ ಅದು?’ ಅಂದ.
‘ಮದುಮಗ’ ಅಂದೆ. ‘ಈ ಮದುವೆದಲ್ಲ ಬಿಡ್ರಿ.’